ಅರ್ಧಾಕ್ಷರ ಹಿಡಿದ ಮೇಲೆ ಮಗಳು ಓದಿದಳು

ಕಳೆದ ವಾರ ಉಡುಪಿಯ ಸಿಟಿ ಬಸ್ ನಿಲ್ದಾಣದ ಬಳಿ ಚಿಪ್ಸ್ ಅಂಗಡಿಯ ಬೋರ್ಡಿನಲ್ಲಿದ್ದ ‘ಹಾಟ್’ ಎಂಬ ಇಂಗ್ಲಿಷ್ ಪದವನ್ನು ನನ್ನ ಮಗಳು ತಾನಾಗಿ ಕೂಡಿಸಿ ಓದಿದಳು. ವಯಸ್ಸು ನಾಲ್ಕು ವರ್ಷ ಎಂಟು ತಿಂಗಳು. ಆ ಪದ ನಾನು ಹೇಳಿಕೊಟ್ಟದ್ದಲ್ಲ. ಅಕ್ಷರಗಳ ಸದ್ದು ಕೂಡಿಸಿ ಇಂಗ್ಲಿಷ್ ಓದುವುದನ್ನು ಆಟದಲ್ಲೇ ಕಲಿಸುತ್ತಿದ್ದೆ, ಅಷ್ಟೇ. ‘ಆಟ ಆಡಿಸಿದರೆ ಓದು ಬರುತ್ತದೆಯೇ’ ಎಂದಿದ್ದ ನಾದಿನಿ ಪಕ್ಕದಲ್ಲೇ ಇದ್ದಳು. ನನಗೆ ಅಷ್ಟೇ ಸಾಕಾಗಿತ್ತು.

ಇದಕ್ಕೂ ಮೊದಲು ಹೋದ ಹಣದ ಲೆಕ್ಕ: ಚಿತ್ರದ ಕಾರ್ಡುಗಳಿಗೆ ಸುಮಾರು 2,400, ಮೂರು ತಿಂಗಳ ಆನ್‌ಲೈನ್ ತರಗತಿಗೆ 6,000ದ ಹತ್ತಿರ, ಫ್ರಿಜ್ಜಿಗೆ ಅಂಟಿಸುವ ಅಕ್ಷರಗಳಿಗೆ 350. ಇಷ್ಟಾದರೂ ಪಿ, ಐ, ಎನ್ ತೋರಿಸಿದರೆ ‘ಪ, ಇ, ನ’ ಎನ್ನುವಳು. ಕೂಡಿಸು ಎಂದರೆ ‘ಪಇನ’. ಅವಳಿಗೇ ಕೇಳಿಸುತ್ತಿಲ್ಲವೇನೋ ಎಂದು ಎರಡು ತಿಂಗಳು ಕೊರಗಿದೆ. ತಪ್ಪು ನನ್ನ ಬಾಯಲ್ಲಿತ್ತು. ಕನ್ನಡ ಓದಿದ ನಾಲಿಗೆ ವ್ಯಂಜನದ ಬೆನ್ನಿಗೆ ಒಂದು ‘ಅ’ ಸೇರಿಸದೆ ಬಿಡುವುದಿಲ್ಲ. ಮದ್ದೂ ನಮ್ಮ ಲಿಪಿಯಲ್ಲೇ ಇದೆ: ಪ್, ಟ್, ನ್. ಅರ್ಧಾಕ್ಷರಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ದೋಸೆ ಹುಯ್ಯುತ್ತಾ ಒಂದು ವಾರ ಮೊದಲು ನಾನು ಕಲಿತೆ.

ಆಟ ಸಿಕ್ಕಿದ್ದು ಅಟ್ಟದ ಮೇಲಿನ ಚೆನ್ನೆಮಣೆಯಲ್ಲಿ, ಕಾಳು ಹಾಕಿ ಆಡುವ ಗುಳಿಗಳ ಹಲಗೆಯಲ್ಲಿ. ತುಳುವರ ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಅದನ್ನು ಇಳಿಸಬಾರದು ಎಂದು ಅತ್ತೆ ತಡೆದರು. ‘ಚೆನ್ನೆ ಆಡುವುದಿಲ್ಲ ಅತ್ತೆ, ಅಕ್ಷರ ಆಡುತ್ತೇವೆ’ ಎಂದ ಮೇಲೆ ತಾವೇ ಒರೆಸಿ ಕೊಟ್ಟರು. ಹದಿನಾಲ್ಕು ಗುಳಿಗಳಲ್ಲಿ ಮೂರು ಸಾಕು. ನಾನು ‘ಪಿನ್’ ಎಂದರೆ ಅವಳು ಒಂದೊಂದು ಸದ್ದಿಗೆ ಒಂದೊಂದು ಮಂಜೊಟ್ಟಿ ಕಾಳು (ಚೆನ್ನೆ ಆಡುವ ಕೆಂಪು ಬೀಜ) ಹಾಕಬೇಕು, ಆಮೇಲೆ ಗುಳಿಯಿಂದ ಗುಳಿಗೆ ಬೆರಳು ಜಾರಿಸುತ್ತಾ ಕೂಡಿಸಬೇಕು. (ಗುಲಗಂಜಿ ಮಾತ್ರ ಬೇಡ, ಅದು ವಿಷ. ಯಾವ ಕಾಳಾದರೂ ಬಾಯಿಗೆ ಹೋಗದಂತೆ ಪಕ್ಕದಲ್ಲೇ ಕುಳಿತಿರಿ.) ಹತ್ತು ದಿನ ಅಕ್ಷರವನ್ನೇ ತೋರಿಸಲಿಲ್ಲ, ಬರೀ ಸದ್ದು. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಬೆರಳು ಮೂರನೇ ಗುಳಿ ಮುಟ್ಟುತ್ತಲೇ ‘ಟಿನ್!’ ಎಂದು ಕೂಗಿ ಎದ್ದಳು, ಕಾಳೆಲ್ಲ ಚೆಲ್ಲಿಹೋಯಿತು. ಆಮೇಲೆಯೇ ಅಕ್ಷರ ತೋರಿಸಿದ್ದು: ಎಸ್, ಎ, ಟಿ, ಪಿ, ಐ, ಎನ್. ದಿನಕ್ಕೆ ಹತ್ತು ನಿಮಿಷ, ಹೆಚ್ಚಿಲ್ಲ.

‘ಕ್ಯಾಟ್’ನ ನಡುವಿನ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಆದರೆ ನಮ್ಮದು ತುಳು ಮಾತಾಡುವ ಮನೆ. ‘ಯಾನ್ ಬತ್ತೆ’ (ನಾನು ಬಂದೆ), ‘ಆಯೆ ಬತ್ತೆ’ (ಅವನು ಬಂದ) ಎರಡರಲ್ಲೂ ‘ಬತ್ತೆ’ಯನ್ನು ಬರೆಯುವುದು ಒಂದೇ ರೀತಿ. ನಾನು ಬಂದೆ ಎನ್ನುವಾಗ ಮಾತ್ರ ಕೊನೆಗೆ ಬಾಯಿ ಅಗಲವಾಗುತ್ತದೆ. ‘ಆ ಬಾಯಿಯನ್ನೇ ಇಟ್ಟುಕೋ’ ಎಂದೆ. ಒಂದೇ ಸಂಜೆಯಲ್ಲಿ ಬಂತು. ತರಗತಿಯವರು ಮೂರು ತಿಂಗಳಲ್ಲಿ ತರಿಸಲಾಗದ ಸ್ವರ ಅದು.

ನಡುವೆ ಮಲ್ಪೆಯ ಮರಳು ತಂದು ತಟ್ಟೆಯಲ್ಲಿ ಬರೆಸಿ ನೋಡಿದೆ. ಉಪ್ಪುಮರಳು, ಮಳೆಗಾಲ, ಒಣಗಲೇ ಇಲ್ಲ. ಅಕ್ಕಿಹಿಟ್ಟಿಗೆ ಇರುವೆ ಹತ್ತಿತು. ಮೀನು ಮಾರುಕಟ್ಟೆಯ ಆಟಕ್ಕೆ ಖರ್ಚೇ ಇಲ್ಲ, ಒಂದೇ ಸದ್ದಿನಿಂದ ಶುರುವಾಗುವ ಮೀನುಗಳಿಗೆ ಒಂದೇ ಮನೆ: ಬಂಗುಡೆ, ಬೂತಾಯಿ ಒಂದು ಮನೆ, ಅಂಜಲ್ ಬೇರೆ ಮನೆ. ಮೀನು ಮಾರುವ ಅಕ್ಕನೂ ‘ಕಾಣೆ ಯಾವ ಮನೆ ಹೇಳು’ ಎಂದು ಕೇಳತೊಡಗಿದರು.

ಬಿ, ಡಿ ತಿರುಗುಮುರುಗಾಗುವುದಕ್ಕೂ ನನ್ನದೊಂದು ಉಪಾಯವಿದೆ. ಇನ್ನಿಬ್ಬರು ಮಕ್ಕಳಲ್ಲಿ ಫಲಿಸಿದ ಮೇಲೆ ಹೇಳುತ್ತೇನೆ. ಈಗ ಹಿಡಿದಿರುವುದು ವಿ ಮತ್ತು ಡಬ್ಲ್ಯೂ. ನಮಗೆ ಎರಡೂ ‘ವ’. ಕನ್ನಡಿಯ ಮುಂದೆ ಕೂರಿಸಿ ‘ವ್ಯಾನ್’ಗೆ ಹಲ್ಲು ತುಟಿಗೆ ತಾಗಿಸು, ಡಬ್ಲ್ಯೂ ಇರುವ ‘ವಿನ್’ಗೆ ತುಟಿ ದುಂಡಗೆ ಮಾಡು ಎನ್ನುತ್ತಿದ್ದೇನೆ. ಮೂರರಲ್ಲಿ ಒಂದು ಇನ್ನೂ ತಪ್ಪುತ್ತದೆ.