ಕಾಲಾಳನ್ನು ಎಲ್ಲಿ ನಿಲ್ಲಿಸಬೇಕು?

ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಯುದ್ಧದಾಟಕ್ಕೆ ಹೊಸದಾಗಿ ಬಂದವರ ಕಣ್ಣು ಟ್ಯಾಂಕು, ರಾಕ್ಷಸ, ಮಹಾನಾಯಕರ ಮೇಲೆಯೇ ಇರುತ್ತದೆ. ಕಾಲಾಳುಗಳನ್ನು ಮಿಕ್ಕ ಜಾಗ ತುಂಬಲು ಎಂಬಂತೆ ಒಂದು ಮೂಲೆಯಲ್ಲಿ ಗುಡ್ಡೆ ಹಾಕುತ್ತಾರೆ. ತಮಾಷೆಯೆಂದರೆ ಜಾಗ ತುಂಬುವುದೇ ಕಾಲಾಳಿನ ಅಸಲಿ ಕೆಲಸ. ಅದನ್ನು ಅಳೆದು ತುಂಬಬೇಕು, ಅಷ್ಟೆ. ಇಲ್ಲಿರುವ ಲೆಕ್ಕಗಳು ವಾರ್‌ಹ್ಯಾಮರ್ 40,000 ಆಟದ 2023ರ ಹತ್ತನೇ ಆವೃತ್ತಿಯವು. ಬೇರೆ ಆಟ ಆಡುವವರು ಅಂಕಿಗಳನ್ನು ತಮ್ಮ ನಿಯಮಪುಸ್ತಕ ನೋಡಿ ತಿದ್ದಿಕೊಳ್ಳಲಿ.

ಬೊಂಬೆ ಮುಟ್ಟುವ ಮೊದಲು ಅಳತೆಯ ಟೇಪು ಹಿಡಿಯಿರಿ, ಅದೂ ಎದುರಾಳಿಯ ಕಡೆಯಿಂದ. ಈ ಆಟದಲ್ಲಿ ಯಾವಾಗ ಬೇಕಾದರೂ ಅಳೆಯಬಹುದು, ಸಂಕೋಚ ಬೇಡ. 6 ಇಂಚು ನಡೆಯುವ ಶತ್ರು ತುಕಡಿ ಆಮೇಲೆ ಚಾರ್ಜ್ ಮಾಡಲು, ಅಂದರೆ ಮೇಲೆ ನುಗ್ಗಲು, ಎರಡು ದಾಳ ಎಸೆಯುತ್ತದೆ; ಬಿದ್ದ ಮೊತ್ತದಷ್ಟು ಇಂಚು ನುಗ್ಗಬಲ್ಲದು. ನಿಮ್ಮಿಂದ 1 ಇಂಚಿನೊಳಗೆ ಬಂದರೆ ಸಾಕು, ಕೈಕೈ ಕಾಳಗ ಶುರು. ನೀವು 14 ಇಂಚು ದೂರದಲ್ಲಿದ್ದರೆ ಅವರಿಗೆ 7 ಅಥವಾ ಹೆಚ್ಚು ಬೀಳಬೇಕು, ಅದರ ಸಾಧ್ಯತೆ ಶೇ 58. 16 ಇಂಚಿಗೆ ಸರಿದಿರೋ, 9 ಬೀಳಬೇಕು, ಸಾಧ್ಯತೆ ಶೇ 28. ಎರಡೇ ಇಂಚಿಗೆ ಅಪಾಯ ಅರ್ಧಕ್ಕಿಳಿಯಿತು. ದಾಳ ಕೈಕೊಟ್ಟಿತು ಎಂದು ಗೊಣಗುವವರಲ್ಲಿ ಬಹಳಷ್ಟು ಮಂದಿ ಈ ಎರಡು ಇಂಚನ್ನು ಬಿಟ್ಟುಕೊಟ್ಟವರೇ.

ಮುಂದಿನದು ಹರಡುವ ಕೆಲಸ. ಒಂದು ತುಕಡಿಯ ಪ್ರತಿ ಬೊಂಬೆಯೂ ತನ್ನ ಜೊತೆಗಾರನಿಂದ 2 ಇಂಚಿನೊಳಗೆ ಇರಬೇಕು. ತುಕಡಿಯಲ್ಲಿ ಏಳು ಅಥವಾ ಹೆಚ್ಚು ಮಂದಿಯಿದ್ದರೆ ಇಬ್ಬರು ಜೊತೆಗಾರರು ಬೇಕು. ಈ ಎರಡನೇ ನಿಯಮದಿಂದಾಗಿ ಹತ್ತು ಮಂದಿಯನ್ನು ಒಂಟಿ ಸಾಲಿನಲ್ಲಿ ಪೂರ್ತಿ ಚಾಚಲಾಗದು, ಏಕೆಂದರೆ ತುದಿಯವನಿಗೆ ಒಬ್ಬನೇ ನೆರೆಯವನು. ಎರಡೂ ತುದಿಗಳಲ್ಲಿ ಜೋಡಿ ನಿಲ್ಲಿಸಿ, ನಡುವೆ ಆರು ಜನರನ್ನು ಒಬ್ಬೊಬ್ಬರಾಗಿ ಇಟ್ಟರೆ ನಿಯಮ ಮುರಿಯುವುದಿಲ್ಲ. ಬೊಂಬೆ ನಿಲ್ಲುವ ಬಿಲ್ಲೆ, ಅಂದರೆ ಬೇಸ್, 32 ಮಿಲಿಮೀಟರ್ ಇದ್ದರೆ ಹೆಚ್ಚುಕಡಿಮೆ ಎರಡು ಅಡಿ ಉದ್ದದ ಬೇಲಿ ಸಿಗುತ್ತದೆ. ಅದೇ ಐದು ಮಂದಿಯ ತುಕಡಿಗೆ ಒಬ್ಬ ನೆರೆಯವನು ಸಾಕಾದ್ದರಿಂದ ಒಂಟಿ ಸಾಲು ನಡೆಯುತ್ತದೆ: 14 ಇಂಚು. ಅಂಥವು ಎರಡಿದ್ದರೆ 28, ಜೊತೆಗೆ ತುಕಡಿಗಳ ನಡುವಿನ ತೆರಪು ಬೇರೆ. ಬೇಲಿ ಕಟ್ಟುವುದಕ್ಕಾದರೆ ನನ್ನ ಮತ ಯಾವತ್ತೂ ಸಣ್ಣ ತುಕಡಿಗಳಿಗೇ.

ಆ ತೆರಪು ಎಷ್ಟಿರಬಹುದು? ಹೊಸಬರು ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿ. ಡೀಪ್ ಸ್ಟ್ರೈಕ್ ಮೂಲಕ ಆಕಾಶದಿಂದಲೋ ನೆಲದಡಿಯಿಂದಲೋ ಬರುವ ತುಕಡಿ ನಿಮ್ಮ ಪ್ರತಿ ಬೊಂಬೆಯಿಂದಲೂ 9 ಇಂಚಿಗಿಂತ ಹೆಚ್ಚು ದೂರ ಇಳಿಯಬೇಕು. ಹಾಗಾದರೆ ಇಬ್ಬರ ನಡುವೆ 18 ಇಂಚು ಬಿಟ್ಟರೂ ದಾರಿ ಮುಚ್ಚಿದಂತೆ ಎಂದು ಲೆಕ್ಕ ಹಾಕಿ ನಾನೂ ನಿಶ್ಚಿಂತೆಯಿಂದ ಕುಳಿತಿದ್ದೆ. ನನ್ನ ಸಾಲು ಮೇಜಿನ ಅಂಚಿನಿಂದ 6 ಇಂಚು ಮುಂದಿತ್ತು. ಎದುರಾಳಿ ಟೇಪನ್ನು ಓರೆಯಾಗಿ ಹಿಡಿದು, ನನ್ನ ಇಬ್ಬರು ಕಾವಲುಗಾರರ ನಡುವೆ, ಅವರ ಬೆನ್ನ ಹಿಂದೆ, ಅಂಚಿಗೆ ಒತ್ತಿ ತನ್ನ ನಾಯಕನೊಬ್ಬನನ್ನು ಇಳಿಸಿದ. ಸಾಲಿನ ಮೇಲೆ ಮುಚ್ಚಿದ್ದ ಬಾಗಿಲು ಅದರ ಹಿಂದೆ ತೆರೆದೇ ಇತ್ತು. ಪ್ರತಿ ಬೊಂಬೆಯ ಸುತ್ತ 9 ಇಂಚಿನ ವೃತ್ತ ಎಳೆದು ನೋಡಿ. 18 ಇಂಚು ತೆರಪಿದ್ದರೆ ವೃತ್ತಗಳು ನಡುವೆ ಒಂದೇ ಬಿಂದುವಿನಲ್ಲಿ ಒಂದನ್ನೊಂದು ತಾಕುತ್ತವೆ, ಅಷ್ಟೆ. ಮುಂದೆ, ಹಿಂದೆ ತ್ರಿಕೋನದಂಥ ಖಾಲಿ ಜಾಗ ಉಳಿಯುತ್ತದೆ. ಅಂಚಿನಿಂದ 6 ಇಂಚು ಮುಂದೆ ನಿಂತಿದ್ದರೆ ತೆರಪು 12 ಇಂಚು ಮೀರದಿರಲಿ, ಆಗ ಬೆನ್ನ ಹಿಂದೆ ಯಾರೂ ಇಳಿಯಲಾರರು.

ಗೋಡೆ, ಪಾಳುಕಟ್ಟಡಗಳ ವಿಷಯ ಇಷ್ಟು ಕಗ್ಗಂಟಲ್ಲ. ಪಾಳುಕಟ್ಟಡದ ತಳದ ಗೆರೆಯೊಳಗೆ ಪೂರ್ತಿಯಾಗಿ ನಿಂತವನು ಹೊರಗೆ ನೋಡಬಲ್ಲ, ಹೊರಗಿನವರಿಗೂ ಕಾಣಬಲ್ಲ. ಗೆರೆಯ ಹಿಂದೆ ನಿಂತರೆ ಆ ಕಟ್ಟಡದ ಆಚೆಯಿಂದ ಗುರಿಯಿಡುವವರಿಗೆ ಕಾಣುವುದಿಲ್ಲ. ಗುಂಡು ಹಾರಿಸುವ ಸರದಿ ಬರುವವರೆಗೆ ಹಿಂದೆಯೇ ಇರಲಿ. ಆಬ್ಜೆಕ್ಟಿವ್, ಅಂದರೆ ಹಿಡಿದವರಿಗೆ ಅಂಕ ತರುವ ಗುರುತು, ಹಿಡಿಯುವಾಗಲೂ ಹೀಗೆಯೇ: ಗುರುತಿನಿಂದ 3 ಇಂಚಿನೊಳಗೆ ಅಂಕಕ್ಕೆ ಬೇಕಾದಷ್ಟು ಮಂದಿ ನಿಂತರೆ ಸಾಕು, ಉಳಿದವರ ಬಾಲ ಗೋಡೆಯ ಮರೆಗೆ ಚಾಚಿರಲಿ.

ಕೊನೆಗೆ, ಗುಂಡು ಬಿದ್ದ ಮೇಲೆ ಯಾರನ್ನು ತೆಗೆಯಬೇಕು? ಆಯ್ಕೆ ನಿಮ್ಮದು, ಶತ್ರುವಿನದಲ್ಲ. ಆದರೆ ಈಗಾಗಲೇ ಗಾಯಗೊಂಡವನಿದ್ದರೆ ಮೊದಲ ಸರದಿ ಅವನದು. ಶತ್ರು ಚಾರ್ಜ್ ಮಾಡಲು ಹೊಂಚುತ್ತಿದ್ದರೆ ಅವನಿಗೆ ಹತ್ತಿರವಿರುವವರನ್ನು ಎತ್ತಿಬಿಡಿ. 8 ಇಂಚಿದ್ದ ದೂರ 11 ಆದೀತು, ಅವನಿಗೆ 7ರ ಬದಲು 10 ಬೀಳಬೇಕಾದೀತು. ಆಬ್ಜೆಕ್ಟಿವ್ ಮೇಲಿದ್ದರೆ ಬಾಲದವರನ್ನು ಎತ್ತಿ. ಸಾಲಿನ ನಡುವಿನವರನ್ನು ಮಾತ್ರ ಮುಟ್ಟಬೇಡಿ. ಸಾಲು ಎರಡು ತುಂಡಾಗಿ ಸರದಿಯ ಕೊನೆಯವರೆಗೂ ಹಾಗೆಯೇ ಉಳಿದರೆ, ಒಂದು ತುಂಡನ್ನು ನೀವೇ ನಿಮ್ಮ ಕೈಯಾರೆ ಮೇಜಿನಿಂದ ಎತ್ತಬೇಕಾಗುತ್ತದೆ.