ಉಕ್ಕಿನ ಬಿಲ್ಲೆ ಕಟ್ಟಿಕೊಂಡು ಸ್ವಿಸ್ ವಾಚು ಆರಿಸಿದ ನನ್ನ ಅನುಭವ

ಕಳೆದ ವರ್ಷ ಏಪ್ರಿಲ್‌ನಲ್ಲಿ ಯಾವ ಅಳತೆಯ ವಾಚು ಕೈಗೆ ಒಪ್ಪುತ್ತದೆಂದು ನೋಡಲು ಎಡಗೈಗೆ ವಾಚಿನಾಕಾರದ ಉಕ್ಕಿನ ಬಿಲ್ಲೆಯೊಂದನ್ನು ಕಟ್ಟಿಕೊಂಡು ದಾವಣಗೆರೆಯಲ್ಲಿ ಓಡಾಡುತ್ತಿದ್ದ ನನ್ನನ್ನು ಕಂಡು, ನನ್ನ ಲೇತ್ ಅಂಗಡಿಯ ಹುಡುಗರಿಂದ ಹಿಡಿದು ಸಂಜೆ ಮಂಡಕ್ಕಿ ಮೆಣಸಿನಕಾಯಿಗೆ ಸೇರುವ ವಾಚು ಹುಚ್ಚಿನ ಗೆಳೆಯರವರೆಗೆ ಎಲ್ಲರೂ ನಕ್ಕಿದ್ದರು. ಆ ಬಿಲ್ಲೆಯ ಮಾತು ಕೇಳಿ ಕೊಂಡ ವಾಚು ಹದಿನಾಲ್ಕು ತಿಂಗಳಿಂದ ನನ್ನ ಕೈಯಲ್ಲೇ ಇದೆ. ನಕ್ಕವರಲ್ಲಿ ಇಬ್ಬರು ಈಗ ಅದೇ ಬಿಲ್ಲೆಯನ್ನು ಎರವಲು ಕೇಳುತ್ತಿದ್ದಾರೆ. ಆದ್ದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ನಷ್ಟದ ಕಥೆ. ವಾಚಿನ ಒಡಲಾದ ಕೇಸಿನೊಂದಿಗೇ ಬೆಸೆದಂತೆ ಇಳಿಯುವ ಬ್ರೇಸ್ಲೆಟ್ಟಿನ ವಾಚು ನನಗೆ ಬಹಳ ದಿನದ ಆಸೆಯಾಗಿತ್ತು. ಆ ಜಾತಿಯ ದುಬಾರಿ ವಾಚುಗಳಾದ 1972ರ ರಾಯಲ್ ಓಕ್ ಆಗಲಿ, 1976ರ ನಾಟಿಲಸ್ ಆಗಲಿ ನಮ್ಮಂಥವರ ಕೈಗೆ ಬರುವ ವಸ್ತುಗಳಲ್ಲವೆಂದು ತಿಳಿದೇ, ಮೂರು ವರ್ಷದ ಹಿಂದೆ ಬೆಂಗಳೂರಿನ ಒಬ್ಬರಿಂದ 42 ಮಿ.ಮೀ.ನ ಬಳಸಿದ ವಾಚೊಂದನ್ನು ಸುಮಾರು ಎಪ್ಪತ್ತೆಂಟು ಸಾವಿರಕ್ಕೆ ಕೊಂಡೆ. ನನ್ನ ಮಣಿಕಟ್ಟಿನ ಸುತ್ತಳತೆ ಹದಿನಾರು ಸೆಂ.ಮೀ.; ಮೇಲಿನ ಸಮತಟ್ಟಾದ ಜಾಗ ಹೆಚ್ಚೆಂದರೆ ಐದು ಸೆಂ.ಮೀ. ವಾಚು ಎರಡೂ ಕಡೆ ಚಾವಣಿಯ ಸೂರಿನಂತೆ ಹೊರಚಾಚಿತ್ತು. ನಾಲ್ಕು ತಿಂಗಳು ಹಲ್ಲು ಕಚ್ಚಿ ಕಟ್ಟಿಕೊಂಡು, ಕೊನೆಗೆ ಐವತ್ತೈದಕ್ಕೋ ಐವತ್ತಾರಕ್ಕೋ ಮಾರಿದೆ. ತಪ್ಪು ವಾಚಿನದಲ್ಲ, ಕಾಗದದ ಮೇಲಿನ ವ್ಯಾಸವನ್ನು ನಂಬಿದ ನನ್ನದು. ಸಾಮಾನ್ಯ ವಾಚಿನಲ್ಲಿ ಪಟ್ಟಿ ಲಗ್ಗಿನ (ಪಟ್ಟಿಯನ್ನು ಹಿಡಿಯುವ ಕೇಸಿನ ಕೊಂಬಿನ) ತುದಿಯಿಂದಲೇ ಕೆಳಕ್ಕೆ ಇಳಿಯುತ್ತದೆ. ಈ ಜಾತಿಯಲ್ಲಿ ಮೊದಲ ಕೊಂಡಿ ಸುಲಭವಾಗಿ ಬಾಗದೆ ಅಡ್ಡಲಾಗಿ ಮುಂದಕ್ಕೆ ಚಾಚುವುದರಿಂದ, ಕೈಯ ಮಟ್ಟಿಗೆ ಅದೂ ಕೇಸಿನ ಉದ್ದಕ್ಕೆ ಸೇರಿದ್ದೇ ಸರಿ.

ಎರಡನೆಯ ಸಲ ಲಕ್ಷದೊಳಗೆ ಹುಡುಕಿದಾಗ ಕಣದಲ್ಲಿ ಉಳಿದವು ಕೆಲವೇ. ಮಾರಿಸ್ ಲಾಕ್ರ್ವಾ ಐಕಾನ್‌ನ ಆಟೋಮ್ಯಾಟಿಕ್ (ಕೈಯಾಟದಿಂದ ತಾನೇ ಕೀಲಿಯೇರುವ ಮಾದರಿ) ನನ್ನ ಜೇಬನ್ನು ಮೀರಿತ್ತು. ಕ್ರಿಸ್ಟೋಫರ್ ವಾರ್ಡ್‌ನವರ ಟ್ವೆಲ್ವ್ ಇಂಗ್ಲಿಷ್ ಹೆಸರಿನ, ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗುವ ವಾಚು. ಅದು ಇಷ್ಟವಾಯಿತಾದರೂ ಕಟ್ಟಿ ನೋಡದೆ ತರಿಸಿ, ಮೇಲೆ ಸುಂಕ ಕಟ್ಟುವ ಧೈರ್ಯ ಬರಲಿಲ್ಲ. ಕೊನೆಗೆ ಉಳಿದದ್ದು ಟಿಸೋ ಪಿಆರ್‌ಎಕ್ಸ್. ಅದರ 1978ರ ವಿನ್ಯಾಸವನ್ನೇ 2021ರಲ್ಲಿ ಮರಳಿ ತಂದದ್ದು ನಿಮಗೆಲ್ಲ ಗೊತ್ತೇ ಇದೆ. ಪ್ರಶ್ನೆಯಿದ್ದದ್ದು 40 ಮಿ.ಮೀ.ನದೋ, 35ರದೋ ಎಂಬುದೊಂದೇ. ಅಂಗಡಿಯ ತಂಪಿನಲ್ಲಿ ಐದು ನಿಮಿಷ ಕಟ್ಟಿ ನೋಡಿ ಇದನ್ನು ತೀರ್ಮಾನಿಸಲು ನಾನು ಸಿದ್ಧನಿರಲಿಲ್ಲ.

ಹೀಗಾಗಿ ಲೇತ್ ಮೇಲೆ ಕೂತೆ. ಮೊದಲು ಅಲ್ಯೂಮಿನಿಯಮ್ಮಿನಲ್ಲಿ ಮಾಡಿದ ಬಿಲ್ಲೆ ಹಗುರವಾಗಿದ್ದು ಸುಳ್ಳು ಹೇಳಿತು. ಅದನ್ನು ಕಟ್ಟಿಕೊಂಡರೆ ಯಾವ ಅಳತೆಯೂ ಹಿತವೆನಿಸುತ್ತಿತ್ತು. ಮೂರು ದಿನ ವ್ಯರ್ಥವಾಯಿತು. ಆಮೇಲೆ 304 ದರ್ಜೆಯ ಸ್ಟೀಲಿನ ಚೂರಿನಿಂದ 40 ಮತ್ತು 35ರ ಎರಡು ಬಿಲ್ಲೆಗಳನ್ನು ತಿರುಗಿಸಿ, ಎರಡೂ ಪಕ್ಕಕ್ಕೆ ಮೊದಲ ಕೊಂಡಿಯಷ್ಟು ಉದ್ದದ ಪಟ್ಟಿಯನ್ನು ಅಲುಗದಂತೆ ರಿವೆಟ್ ಹೊಡೆದು, ಉಳಿದ ಭಾಗಕ್ಕೆ ಹಳೆಯ ಸ್ಟೀಲ್ ಚೈನು ಸೇರಿಸಿ, ಪರಿಚಯದ ಚಿನಿವಾರರ ತಕ್ಕಡಿಯಲ್ಲಿ ತೂಗಿ ಅಂಗಡಿಯ ವಾಚಿನ ತೂಕಕ್ಕೆ ತಂದೆ. ಆ ಪಟ್ಟಿಯನ್ನು ಎಷ್ಟು ಡಿಗ್ರಿಗೆ ಬಗ್ಗಿಸಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ನಾಲ್ಕು ಸಲ ಕೆಡಿಸಿ ಕಂಡುಕೊಂಡ ಲೆಕ್ಕ ಅದು. ಖರ್ಚು ಐನೂರು ಆರುನೂರು ರೂಪಾಯಿ ಆಗಿರಬಹುದು, ನನ್ನ ಕೂಲಿ ಬಿಟ್ಟು.

ತಲಾ ಒಂದು ವಾರ ಕಟ್ಟಿಕೊಂಡೆ. 40ರದು ಮೊದಲ ಎರಡು ದಿನ ಚೆನ್ನಾಗಿಯೇ ಕಂಡಿತು, ಕನ್ನಡಿಯಲ್ಲಿ ಇನ್ನೂ ಚೆನ್ನಾಗಿ. ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ, ಹೊರಗೆ ಮೂವತ್ತೆಂಟು ಡಿಗ್ರಿಯ ಬಿಸಿಲಿದ್ದು ಕೈ ಉಬ್ಬಿದಾಗ, ಲೇತಿನ ಹ್ಯಾಂಡ್ವೀಲ್ ತಿರುಗಿಸಿದ ಪ್ರತಿ ಸಲವೂ ಆ ಪಟ್ಟಿಯ ತುದಿ ಮುಂಗೈಯ ಹಿಂಭಾಗಕ್ಕೆ ಒತ್ತುತ್ತಿತ್ತು. ರಾತ್ರಿ ಬಿಚ್ಚಿದರೆ ಚರ್ಮದ ಮೇಲೆ ಉಗುರಿನಿಂದ ಗೀರಿದಂಥ ಕೆಂಪು ಅರ್ಧಚಂದ್ರ. 35ರದನ್ನು ಮೂರನೆಯ ದಿನ ಮರೆತೇಬಿಟ್ಟೆ, ಬಿಚ್ಚದೆಯೇ ಸ್ನಾನಕ್ಕೆ ಹೋಗಿದ್ದೆ. ಅಲ್ಲಿಗೆ ತೀರ್ಮಾನವಾಯಿತು.

ಗೆಳೆಯರು ಒಪ್ಪಲಿಲ್ಲ. ಮೂವತ್ತೈದೆಂದರೆ ಹೆಂಗಸರ ಸೈಜು, ಆರು ತಿಂಗಳಲ್ಲಿ ಮಾರುತ್ತೀಯ ಎಂದರು. ನಾನು ವಾದ ಮಾಡದೆ ಮನೆಯಿಂದ ಅಪ್ಪನ ಎಚ್‌ಎಂಟಿ ಜನತಾ ತಂದು, ಅಳತೆಯ ವರ್ನಿಯರ್ ಸಮೇತ ಮೇಜಿನ ಮೇಲಿಟ್ಟೆ. ಅದೂ ಮೂವತ್ತೈದರ ಆಸುಪಾಸೇ. ಅದನ್ನೇ ಕಟ್ಟಿಕೊಂಡು ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದ ಅಪ್ಪನನ್ನು ಯಾರೂ ಹೆಂಗಸೆಂದಿರಲಿಲ್ಲ.

ಬೆಂಗಳೂರಿಗೆ ಹೋಗಿ ಪವರ್‌ಮ್ಯಾಟಿಕ್ 80 ಎಂಬ ಆಟೋಮ್ಯಾಟಿಕ್ ಯಂತ್ರವಿರುವ 35ರ ನೀಲಿ ಡಯಲ್ಲಿನದನ್ನು ತಂದೆ. ಅರವತ್ತರ ಮೇಲೆ ನಾಲ್ಕೈದು ಸಾವಿರವಾಯಿತೆಂದು ನೆನಪು. ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ತೆಗೆದುಕೊಂಡಿದ್ದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಉಳಿಯುತ್ತಿತ್ತು, ವಾಚೂ ತೆಳುವಾಗಿರುತ್ತಿತ್ತು; ಯಾರಾದರೂ ಕೇಳಿದರೆ ನಾನು ಕ್ವಾರ್ಟ್ಜನ್ನೇ ಸೂಚಿಸುತ್ತೇನೆ. ನನಗೆ ಚಕ್ರ ತಿರುಗುವುದನ್ನು ನೋಡುವ ಚಟ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ಓಡುತ್ತಿರುತ್ತದೆ. ಅದಕ್ಕೆ ಒಂದು ಕಾರಣ, ಇದಕ್ಕೆ ಮೂಲವಾದ ಹಳೆಯ 2824 ಯಂತ್ರ ಗಂಟೆಗೆ 28,800 ಸಲ ಬಡಿಯುತ್ತಿದ್ದರೆ ಇದು 21,600 ಸಲ ಮಾತ್ರ ಬಡಿಯುತ್ತದೆ. ಸೆಕೆಂಡಿನ ಮುಳ್ಳಿನ ಓಟ ಅಷ್ಟರಮಟ್ಟಿಗೆ ಒರಟು. ಮಂಡಿಪೇಟೆಯ ಹಿರಿಯ ರಿಪೇರಿಗಾರರೊಬ್ಬರಿಗೆ ತೋರಿಸಿದಾಗ, ಹಳೆಯದರಂತೆ ವೇಗ ತಿದ್ದುವ ರೆಗ್ಯುಲೇಟರ್ ಕಡ್ಡಿ ಇದರಲ್ಲಿಲ್ಲ, ಸುಮ್ಮನೆ ಬೆನ್ನು ಬಿಚ್ಚಬೇಡ ಎಂದು ಬೈದು ಕಳಿಸಿದರು. ನನ್ನದು ದಿನಕ್ಕೆ ಆರೇಳು ಸೆಕೆಂಡು ಮುಂದೋಡುತ್ತದೆ. ರಾತ್ರಿ ಡಯಲ್ ಮೇಲಾಗಿ ಇಡದೆ ಕಿರೀಟ (ಪಕ್ಕದ ಕೀಲಿ ಗುಂಡಿ) ಕೆಳಗಾಗಿ ಇಟ್ಟರೆ ಮೂರು ನಾಲ್ಕಕ್ಕೆ ಇಳಿಯುತ್ತದೆ. ಎಲ್ಲ ವಾಚುಗಳೂ ಹೀಗೆಯೇ ವರ್ತಿಸಬೇಕೆಂದೇನಿಲ್ಲ.

ಇದರ ನಡುವೆ ಒಂದು ಅಡ್ಡ ಪ್ರಯೋಗವೂ ಆಯಿತು, ಅದೂ ಆಕಸ್ಮಿಕವಾಗಿ. ಅಪ್ಪನ ಜನತಾವನ್ನು ಅಳತೆ ಮುಗಿದ ಮೇಲೆ ಸರ್ಫೇಸ್ ಗ್ರೈಂಡರಿನ ಮ್ಯಾಗ್ನೆಟಿಕ್ ಚಕ್ಕಿನ (ಲೋಹದ ತುಂಡನ್ನು ಅಯಸ್ಕಾಂತದಿಂದ ಹಿಡಿದಿಡುವ ಹಲಗೆಯ) ಪಕ್ಕದಲ್ಲಿಟ್ಟು ಮರೆತೆ. ಮರುದಿನದಿಂದ ಅದು ದಿನಕ್ಕೆ ನಾಲ್ಕು ನಿಮಿಷ ಮುಂದೋಡತೊಡಗಿತು. ಅಪ್ಪನ ವಾಚು ಹಾಳು ಮಾಡಿದೆನೆಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಂಟಿದ ಕಾಂತತ್ವ ತೆಗೆಯುವ ಡಿಮ್ಯಾಗ್ನೆಟೈಸರ್ ಮೇಲೆ ಹಿಡಿದು ನಿಧಾನವಾಗಿ ದೂರ ಸರಿಸಿದಾಗ ಮೊದಲ ಸಲಕ್ಕೇ ದಾರಿಗೆ ಬಂತು. ಪಿಆರ್‌ಎಕ್ಸ್‌ನ ಹೇರ್‌ಸ್ಪ್ರಿಂಗ್ (ನಡೆಯ ಲಯ ಕಾಯುವ ಸಣ್ಣ ಸುರುಳಿ) ಅಯಸ್ಕಾಂತಕ್ಕೆ ಸುಲಭವಾಗಿ ಮಣಿಯದ, ಟೈಟಾನಿಯಂ ಆಧಾರದ ನಿವಾಕ್ರಾನ್ ಎಂಬ ಮಿಶ್ರಲೋಹದ್ದಾಗಿರುವುದರಿಂದ ಅದೇ ಅಂಗಡಿಯಲ್ಲಿ ದಿನವಿಡೀ ಇದ್ದರೂ ಅದರ ನಡೆ ಇದುವರೆಗೆ ಕೆಟ್ಟಿಲ್ಲ. ಹಾಗೆಂದು ಚಕ್ಕಿನ ಮೇಲೆಯೇ ಇಟ್ಟು ಪರೀಕ್ಷಿಸುವಷ್ಟು ದುಡ್ಡು ನನ್ನಲ್ಲಿಲ್ಲ.

ಬ್ರೇಸ್ಲೆಟ್ ಕೂರಿಸಿದ್ದು ನಾನೇ. ಚಿಟ್ಟೆ ಮಾದರಿಯ ಕ್ಲಾಸ್ಪಿನಲ್ಲಿ (ಪಟ್ಟಿ ಮುಚ್ಚುವ ಕೊಕ್ಕೆಯಲ್ಲಿ) ಸಣ್ಣ ಹೊಂದಾಣಿಕೆಯ ತೂತುಗಳಿಲ್ಲದ ಕಾರಣ, ಒಂದು ಕೊಂಡಿ ತೆಗೆದರೆ ಬಿಗಿ, ಬಿಟ್ಟರೆ ಸಡಿಲ. ಅಂಗಡಿಯವರು ತಂಪಿನಲ್ಲಿ ಕೂರಿಸಿಕೊಟ್ಟಿದ್ದ ಅಳತೆ ಊರಿಗೆ ಬಂದ ಮಧ್ಯಾಹ್ನವೇ ಕೈ ಕಚ್ಚಿತು. ಊಟವಾದ ಮೇಲೆ, ಬಿಸಿಲಿನಲ್ಲಿ ಸ್ವಲ್ಪ ನಡೆದು ಬಂದು ಕೂರಿಸಿದೆ. ಡಯಲ್ಲಿನ ಆರು ಗಂಟೆಯ ಕಡೆಯ ಪಟ್ಟಿಯಿಂದ ಒಂದು ಕೊಂಡಿ ಹೆಚ್ಚು ತೆಗೆದರೆ ಕ್ಲಾಸ್ಪು ಮಣಿಕಟ್ಟಿನ ನಡುವೆ ಬರುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಸ್ವಲ್ಪ ಜಾರುತ್ತದೆ, ಇರಲಿ. ಲೇತ್ ಕೆಲಸದಲ್ಲಿ ಕೊಂಡಿಗಳ ಮೇಲೆ ಬಿದ್ದ ಗೀರುಗಳನ್ನು ತಿಂಗಳಿಗೊಮ್ಮೆ, ಹೊಳಪಿನ ಅಂಚಿಗೆ ಟೇಪು ಅಂಟಿಸಿ, ಗೆರೆಯ ದಿಕ್ಕಿನಲ್ಲೇ ಒಂದೇ ಎಳೆತದಲ್ಲಿ ಪ್ಯಾಡಿನಿಂದ ಉಜ್ಜುತ್ತೇನೆ; ಎಷ್ಟನೇ ನಂಬರಿನ ಪ್ಯಾಡೆಂದು ಕೇಳಿದವರಿಗೆಲ್ಲ ನನ್ನ ಬಿಲ್ಲೆ ವಾಪಸು ಬಂದ ಮೇಲೆ ಹೇಳುತ್ತೇನೆಂದಿದ್ದೇನೆ.