ಹೋರಾದಲ್ಲಿ ಚಳಿಗಾಲಕ್ಕೂ ಒಲೆ ಉರಿಯಬೇಕು

ಗ್ರೀಸಿನ ಅಲೋನಿಸೋಸ್ ದ್ವೀಪದಲ್ಲಿ, ಸಮುದ್ರದಿಂದ ಸುಮಾರು 200 ಮೀಟರ್ ಎತ್ತರದ ಗುಡ್ಡದ ನೆತ್ತಿಯ ಮೇಲೆ ಹೋರಾ ಅನ್ನೋ ಹಳೆಯ ಊರಿದೆ. ನನ್ನ ಹೆಂಡತಿಯ ಅಜ್ಜಿಯ ಮನೆ ಅಲ್ಲೇ. ಅದನ್ನು ನಾವು ದುರಸ್ತಿ ಮಾಡಿ ಈಗ ಚಳಿಗಾಲದಲ್ಲೂ ವಾಸವಾಗಿದ್ದೇವೆ.

ಊರು ಖಾಲಿಯಾಗಿದ್ದು 1965ರ ಮಾರ್ಚ್ ಭೂಕಂಪದಿಂದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಅತ್ತೆ ಒಪ್ಪುವುದಿಲ್ಲ. "ಮೊದಲು ದ್ರಾಕ್ಷಿ ಸತ್ತಿತು, ಆಮೇಲೆ ಮನೆ ಬಿತ್ತು" ಅನ್ನುತ್ತಾರೆ. ಅವರ ಮಾತು ಸರಿ. 1950ರ ದಶಕದಲ್ಲಿ ಫಿಲೊಕ್ಸೆರಾ ಎಂಬ ಪುಟ್ಟ ಕೀಟ ಬಳ್ಳಿಗಳ ಬೇರು ತಿಂದು ಹಾಕಿತು. ದ್ರಾಕ್ಷಾರಸದಿಂದಲೇ ಬದುಕುತ್ತಿದ್ದವರಿಗೆ ಗುಡ್ಡದ ಮೇಲೆ ಇರಲು ಕಾರಣವೇ ಉಳಿಯಲಿಲ್ಲ. ಭೂಕಂಪವಾದ ಮೇಲೆ ಜನ ಕೆಳಗೆ ಪಟಿಟಿರಿ ಬಂದರಿಗೆ ಇಳಿದರು. ಮುಂದೆ ಜರ್ಮನ್ನರು, ಇಂಗ್ಲಿಷರು ಪಾಳು ಮನೆಗಳನ್ನು ಅಗ್ಗಕ್ಕೆ ಕೊಂಡು ರಿಪೇರಿ ಮಾಡಿಸಿದರು. ಗೋಡೆಗಳು ಉಳಿದದ್ದು ಅವರಿಂದಲೇ, ಅದನ್ನು ಮರೆಯಬಾರದು. ಆದರೆ ಅವರಲ್ಲಿ ಹೆಚ್ಚಿನವರು ಬೇಸಿಗೆಗೆ ಬಂದು ಹೋಗುವವರು.

ನಮಗೆ ಜಾಸ್ತಿ ಸಮಯ ಹಿಡಿದದ್ದು ಕಲ್ಲಿನ ಕೆಲಸವಲ್ಲ, ಕಾಗದಪತ್ರ. ಅಜ್ಜಿಯ ಪಾಲು ಮಕ್ಕಳಿಗೆ, ಅವರಿಂದ ಮೊಮ್ಮಕ್ಕಳಿಗೆ ಹಂಚಿಹೋಗಿತ್ತು. ಒಬ್ಬರು ವೋಲೋಸ್‌ನಲ್ಲಿ, ಇನ್ನೊಬ್ಬರು ಅಥೆನ್ಸ್‌ನಲ್ಲಿ. ಎಲ್ಲರ ಒಪ್ಪಿಗೆ, ನೋಟರಿ ಮುಂದೆ ಸಹಿ, ಆಮೇಲೆ ಕಟ್ಟಡದ ಪರವಾನಗಿ. ಇದು ಮುಗಿಯದೆ ಒಂದು ಕಲ್ಲನ್ನೂ ಮುಟ್ಟಬೇಡಿ.

ಗೋಡೆ ದಪ್ಪ ಕಲ್ಲಿನದು, ನಡುವೆ ಮಣ್ಣಿನ ಗಾರೆ. ಹಿಂದೆ ಯಾರೋ ಹೊರಗಿನಿಂದ ಸಿಮೆಂಟ್ ಬಳಿದಿದ್ದರು. ಒಳಗೆ ಸೇರಿದ ತೇವ ಹೊರಗೆ ಹೋಗಲಾಗದೆ ಮಣ್ಣು ಸಡಿಲವಾಗಿ, ಗೋಡೆಯ ಹೊಟ್ಟೆ ಉಬ್ಬಿತ್ತು. ಸಿಮೆಂಟನ್ನೆಲ್ಲ ಮೆಲ್ಲಗೆ ಕೆತ್ತಿ ತೆಗೆದೆವು. ಉಬ್ಬಿದ ಭಾಗ ಬಿಚ್ಚಿ, ಅದೇ ಕಲ್ಲುಗಳನ್ನು ಮತ್ತೆ ಕೂರಿಸಿದೆವು. ಸಂದಿಗೆ ಸುಣ್ಣದ ಗಾರೆ ಹಾಕಿದೆವು, ಅದು ತೇವವನ್ನು ಹೊರಗೆ ಬಿಡುತ್ತದೆ. ಹಳೆಯ ಮೇಸ್ತ್ರಿಗಳು ಗೋಡೆಯೊಳಗೆ ಅಡ್ಡಡ್ಡ ಮರದ ತೊಲೆ ಇಟ್ಟಿದ್ದರು. ನೆಲ ನಡುಗಿದಾಗ ಗೋಡೆ ಬಿಚ್ಚಿಕೊಳ್ಳದಂತೆ ಹಿಡಿಯುವುದು ಅದೇ. ಕೊಳೆತ ತೊಲೆಗಳನ್ನು ಬದಲಿಸಿ, ಮೂಲೆಗಳಲ್ಲಿ ಬಿಗಿ ಮಾಡಿಸಿದೆವು. ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿಬಿಡಿ ಅಂತ ಸಲಹೆ ಕೊಟ್ಟವರಿದ್ದರು. ಮಣ್ಣಿನ ಗಾರೆಯ ಗೋಡೆಗೆ ಅಂಥ ಗಟ್ಟಿ ಭಾರ ಹೊರಿಸುವುದು ಭೂಕಂಪದ ನೆಲದಲ್ಲಿ ಅಪಾಯ, ಅಲ್ವಾ? ಮರದ ತೊಲೆಯ ಮೇಲೆ ಹಳೆಯ ಕಲ್ಲಿನ ಹಾಸನ್ನೇ ಹೊದಿಸಿದೆವು.

ಓಣಿಯೊಳಗೆ ಲಾರಿ ಬರುವುದಿಲ್ಲ. ಮರಳು, ಸುಣ್ಣ ಎಲ್ಲವೂ ಹೇಸರಗತ್ತೆಯ ಬೆನ್ನ ಮೇಲೆ ಬಂತು. ಖರ್ಚಿನ ಲೆಕ್ಕ ಹಾಕುವಾಗ ಈ ಸಾಗಾಟವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಇಷ್ಟಾದರೆ ಮನೆ ಎದ್ದಿತು, ಊರು ಎದ್ದ ಹಾಗಲ್ಲ. ಜನವರಿಯಲ್ಲಿ ಇಲ್ಲಿ ಇರುವುದು ಕಷ್ಟ. ಗಾಳಿ ಜೋರಾದರೆ ಹಡಗು ಹೊರಡುವುದಿಲ್ಲ. ಹಿಟ್ಟು, ಬೇಳೆ, ಔಷಧಿ, ಸೌದೆ ಮೊದಲೇ ತುಂಬಿಸಿಕೊಳ್ಳಬೇಕು. ಆದರೂ ಯಾರಾದರೂ ಇರಲೇಬೇಕು. ಮುಚ್ಚಿದ ಮನೆಗೆ ಬೂಷ್ಟು ಹಿಡಿಯುತ್ತದೆ. ಒಂದು ಹಾಸುಗಲ್ಲು ಜಾರಿದ್ದನ್ನು ಯಾರೂ ನೋಡದಿದ್ದರೆ ಒಂದೇ ಮಳೆಗಾಲಕ್ಕೆ ತೊಲೆ ಕೊಳೆಯುತ್ತದೆ. ಅದಕ್ಕೇ ನಾವು ಅಕ್ಕಪಕ್ಕದವರ ಬೀಗದ ಕೈ ಇಟ್ಟುಕೊಂಡಿದ್ದೇವೆ. ಬಿಸಿಲು ಬಂದ ದಿನ ಹೋಗಿ ಅವರ ಕಿಟಕಿ ತೆರೆದು ಬರುತ್ತೇವೆ, ಮಳೆಯ ಮಾರನೇ ದಿನ ಚಾವಣಿ ನೋಡುತ್ತೇವೆ. ಇದಕ್ಕೆ ದುಡ್ಡು ಬೇಡ, ಗುಡ್ಡದ ಮೇಲೆ ಇರುವ ಮನಸ್ಸು ಬೇಕು. ಬೇಸಿಗೆಯ ಬಾಡಿಗೆಗೆ ಇನ್ನೂ ಹತ್ತು ಮನೆ ಸಿದ್ಧವಾಗುವುದಕ್ಕಿಂತ, ಚಳಿಗಾಲಕ್ಕೆ ಒಂದು ಸಂಸಾರ ಬಂದು ನಿಲ್ಲುವುದು ದೊಡ್ಡದು ಅಂತ ನಾನು ಖಂಡಿತವಾಗಿ ನಂಬುತ್ತೇನೆ.

ನಿಲ್ಲಬೇಕಾದರೆ ದುಡಿಮೆ ಬೇಕು. ಈಗ ಅಜ್ಜಿಯ ಜಮೀನಿನ ಕುಸಿದ ಕಲ್ಲುಕಟ್ಟೆಗಳನ್ನು ಒಂದೊಂದಾಗಿ ಕಟ್ಟುತ್ತಿದ್ದೇವೆ. ಫಿಲೊಕ್ಸೆರಾ ತಡೆಯುವ ಅಮೆರಿಕದ ಬೇರುಗಿಡಕ್ಕೆ ಕಸಿ ಮಾಡಿದ ದ್ರಾಕ್ಷಿಯನ್ನು ಮೇಲಿನ ಕಟ್ಟೆಯಲ್ಲಿ ನೆಟ್ಟಾಗಿದೆ. ಮುಂದಿನ ಚಳಿಗಾಲಕ್ಕೆ ಅದರ ಕೆಳಗಿನ ಕಟ್ಟೆ.